ಹಿತ್ತಾಳೆ ಕಹಳೆಗೆ ಮನೆಬಾಗಿಲ ಬೆಲೆ

ನಮ್ಮ ಕೊಡಿಕೊಂಡದ ಹೊಸ ಮನೆಗಳ ಪಡಸಾಲೆಯಲ್ಲಿ ಈಗ ಹಿತ್ತಾಳೆ ಕಹಳೆಯ ಗ್ರಾಮಫೋನು, ವಿಲಾಯ್ತಿ ಗೋಡೆ ಗಡಿಯಾರ. ಅದು ಹಾಡೋದಿಲ್ಲ, ಇದು ಗಂಟೆ ಹೊಡೆಯೋದಿಲ್ಲ. ಸಾವಿರಾರು ಕೊಟ್ಟು ಬೆಂಗಳೂರಿಂದ ತಂದದ್ದು. ಇಂಥವು ಎಷ್ಟೋ ನಮ್ಮ ದೇಶದಲ್ಲೇ ಹೊಸದಾಗಿ ಮಾಡಿ ಮಾಸಲು ಬಣ್ಣ ಬಳಿದವು. ತರಲಿ, ಅವರ ದುಡ್ಡು. ಆದರೆ ಅದಕ್ಕೆ ಜಾಗ ಮಾಡೋಕೆ ಅಜ್ಜನ ಕಾಲದ ಕೆತ್ತನೆ ಬಾಗಿಲು, ಸೇರು, ಕೊಳಗ, ತಾಳೆಗರಿಯ ಕಟ್ಟು ಎಲ್ಲಾ ಗುಜರಿಗೆ ಹಾಕ್ತಾರಲ್ಲ, ಅದಕ್ಕೆ ನನ್ನ ತಕರಾರು.

ಹೈದರಾಬಾದಿನ ದಿವಾನ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಅಮೃತಶಿಲೆಯ ‘ಮುಸುಕಿನ ರೆಬೆಕಾ’ ಕೊಂಡ. ಕೆತ್ತಿದ ಬೆಂಜೋನಿಯ ಹೆಸರು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಉಂಟು. ನಿಮ್ಮ ಬಾಗಿಲು ಕೆತ್ತಿದ ಆಚಾರಿ ಯಾರು? ಬಾಗಿಲೇ ಹೋದಮೇಲೆ ಕೇಳೋರು ಯಾರು?

ಮೇಷ್ಟ್ರುಗಳೇ, ಮಕ್ಕಳಿಗೆ ರೆಬೆಕಾ ತೋರಿಸಿ, ಬೇಡ ಅನ್ನೋಲ್ಲ. ಪಕ್ಕದ ಲೇಪಾಕ್ಷಿಯಲ್ಲಿ ಅಚ್ಯುತರಾಯನ ಕಾಲದ ಕನ್ನಡ ಶಾಸನದ ಮುಂದೆ ಎಷ್ಟು ಸಲ ನಿಲ್ಲಿಸಿದ್ದೀರಿ? 1972ರ ಕಾಯ್ದೆಯಲ್ಲಿ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯೂ ಪುರಾತನ ವಸ್ತುವೇ. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಟ್ಟದ ಮೇಲೆ ಗರಿಕಟ್ಟು ಉಳಿದಿದ್ದರೆ ಗುಜರಿಯವನಿಗಿಂತ ಮುಂಚೆ ವಾಚನಾಲಯಕ್ಕೆ ತನ್ನಿ. ಓದಬಲ್ಲವರನ್ನು ಕರೆಸೋಣ.