ತಂಗಡಿ ಕಳೆಯಲ್ಲ ಕಣ್ರೀ

2024ರ ಮಾರ್ಚ್ ನೆನಪಿದೆಯಾ? ಕುಡಿಯೋ ನೀರನ್ನ ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂದಿತ್ತು ಜಲಮಂಡಳಿ. ಲಗ್ಗೆರೆಯ ನಮ್ಮ ರಸ್ತೆಯಲ್ಲಿ ನರ್ಸರಿಯಿಂದ ತಂದ ಗಿಡಗಳೆಲ್ಲ ಬಾಡಿದವು. ಖಾಲಿ ಸೈಟಿನ ತಂಗಡಿ ಮಾತ್ರ ಹಳದಿ ಹೂ ಬಿಟ್ಟು ನಿಂತಿತ್ತು. ಅದನ್ನೇ ಕಳೆ ಅಂತ ಕಿತ್ತೆಸೆದೆವು!

ಇದೆಂಥ ಬುದ್ಧಿ? ತೆಲಂಗಾಣಕ್ಕೆ ಇದು ರಾಜ್ಯಪುಷ್ಪ. ಚರ್ಮ ಹದ ಮಾಡೋರಿಗೆ ಇದರ ತೊಗಟೆ ಬೇಕಿತ್ತು. ಚಿಟ್ಟೆಗಳು ಇದರ ಎಲೆ ಹುಡುಕಿ ಮೊಟ್ಟೆ ಇಡ್ತವೆ. ನಾವೋ, ಇದೇ ಹೂವನ್ನ ‘ಹರ್ಬಲ್ ಟೀ’ ಅಂತ ಆನ್‌ಲೈನಲ್ಲಿ ತರಿಸ್ತೀವಿ.

ಟ್ವೆಂಟಿ ಥರ್ಟಿ ಸೈಟಲ್ಲಿ ಜಾಗ ಎಲ್ಲಿ ಅನ್ನಬೇಡಿ. ಬಿಸಿಲಿರೋ ಕಡೆ ಒಂದು ದೊಡ್ಡ ಕುಂಡ ಸಾಕು. ಗಟ್ಟಿ ಬೀಜವನ್ನ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ ಬಿತ್ತಿ. ಟ್ಯಾಂಕರ್ ನಂಬಿಕೊಂಡು ತೋಟ ಮಾಡೋದು ಬರೀ ಶೋಕಿ.