ಸ್ಯಾಟಿನ್ ಹೊಳಪಿನ ಹಿಂದಿನ ಮರ

ಸ್ಯಾಟಿನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಹಾಸಿನ ಎಳೆಯು ನಾಲ್ಕಾರು ಹೊಕ್ಕಿನ ಎಳೆಗಳ ಮೇಲೆ ಸಾಗಿ ಒಂದರ ಅಡಿಯಲ್ಲಿ ನುಸುಳುವುದರಿಂದ ಆ ನುಣುಪು ಬರುತ್ತದೆ. 1920-30ರ ದಶಕಗಳಲ್ಲಿ ಪ್ಯಾರಿಸ್ಸಿನ ಮ್ಯಾಡಲೀನ್ ವಿಯೊನೆ ಬಟ್ಟೆಯನ್ನು ಓರೆಯಾಗಿ ಕತ್ತರಿಸುವ ಕ್ರಮವನ್ನು ಪ್ರಚುರಪಡಿಸಿದರು. 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಬಟ್ಟೆ ತಾನಾಗಿಯೇ ಹಿಗ್ಗುತ್ತದೆ. ಆ ಕಾಲದ ಪಾಶ್ಚಾತ್ಯ ಮಹಿಳೆಯರ ಸ್ಯಾಟಿನ್ ಒಳಉಡುಪುಗಳು ಹೀಗೆ ಬಿಗಿತವಿಲ್ಲದೆ ಮೈಗೆ ಹೊಂದಿಕೊಂಡವು. ಇದು ಕತ್ತರಿಯ ಜಾಣ್ಮೆ, ಮೆಚ್ಚತಕ್ಕದ್ದೇ.

ಆದರೆ ನೂಲು ಎಲ್ಲಿಯದು? ರೇಷ್ಮೆ ಕೊಳ್ಳಲಾರದವರಿಗೆ ರೇಯಾನ್ ಸ್ಯಾಟಿನ್ ಬಂದಿತು. 1892ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ವಿಸ್ಕೋಸ್ ವಿಧಾನದಲ್ಲಿ ರೇಯಾನ್ ಆಗುವುದು ಮರದ ತಿರುಳು; ಅದನ್ನು ಕರಗಿಸಲು ಬಳಸುವ ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಗಳನ್ನೇ ಕೆಡಿಸಿತು. ಇಂತಹ ತಿರುಳಿಗಾಗಿಯೇ ನಮ್ಮ ಗೋಮಾಳಗಳಲ್ಲಿ ನೀಲಗಿರಿ ಎದ್ದಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ಆ ಸಸಿಗಳನ್ನು ಕಿತ್ತು ಮೇವು-ಹಣ್ಣಿನ ಗಿಡಗಳನ್ನು ನೆಟ್ಟರು.

ಇಂದಿನ ಅಗ್ಗದ ಸ್ಯಾಟಿನ್ ಬಹುಪಾಲು ಪಾಲಿಯೆಸ್ಟರ್. ಅದು ಪ್ರತಿ ಒಗೆತಕ್ಕೂ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಹೊಳಪು ಬೇಡವೆಂದು ಯಾರೂ ಹೇಳಬೇಕಿಲ್ಲ. ಕೊಳ್ಳುವಾಗ ನೂಲಿನ ಮೂಲವನ್ನು ಕೇಳೋಣ. ಕೊಂಡದ್ದನ್ನು ಹೊಲಿದು, ತೇಪೆ ಹಾಕಿ, ಬಹುಕಾಲ ಉಡೋಣ.