ಮುದ್ರೆ ಬಿತ್ತು, ಡ್ರಮ್ಮು ನೋಡುವವರು ಯಾರು?

ಪೇಟೆಬೀದಿಯ ಯಾವ ಅಂಗಡಿಗೆ ಹೋಗಿ ನೋಡಿದರೂ ತಕ್ಕಡಿಗೆ, ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇದ್ದೇ ಇರುತ್ತದೆ. ಅಳತೆ-ತೂಕದ ಇನ್ಸ್‌ಪೆಕ್ಟರು ಬರುತ್ತಾರೆ, ಮುದ್ರೆ ಒತ್ತುತ್ತಾರೆ, ಫೀಸು ತಗೊಂಡು ರಸೀತಿ ಹರಿದು ಕೊಟ್ಟು ಹೋಗುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ಈ ಪದ್ಧತಿ ತಪ್ಪಿಲ್ಲ. ಆದರೆ ಮುದ್ರೆ ಇದೆ ಅಂತ ಗಿರಾಕಿ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾನೆಯೇ? ಇಲ್ಲ. ಮುದ್ರೆ ಇರುವುದು ಕಲ್ಲಿಗೆ, ತಕ್ಕಡಿ ಹಿಡಿದ ಕೈಗಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಅಮೆರಿಕಾ ದೇಶದಲ್ಲಿ ಇಂಥದ್ದೇ ಒಂದು ಮುದ್ರೆ ಒತ್ತುವ ಕೆಲಸ ನಾಲ್ಕು ದಶಕಗಳಿಂದ ನಡೆದುಕೊಂಡು ಬಂದಿದೆ. ಇದು ಕಾರ್ಖಾನೆಗಳ ವಿಷದ ಕಸವನ್ನು ಕಾಯುವ ಕಾನೂನಿಗೆ ಬೀಳುವ ಮುದ್ರೆ. ಅಲ್ಲಿನ ರಾಜ್ಯ ಸರ್ಕಾರಗಳು ಅಪಾಯಕಾರಿ ತ್ಯಾಜ್ಯದ ಬಗೆಗಿನ ತಮ್ಮ ನಿಯಮಗಳನ್ನು ಆಗಾಗ ತಿದ್ದುತ್ತವೆ. ತಿದ್ದಿದ್ದನ್ನು ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಗೆ ಕಳಿಸುತ್ತವೆ. ಸಂಸ್ಥೆ ಅದನ್ನು ಓದಿ ನೋಡಿ, ಸರಿಯಿದೆ ಎಂದು ಮಂಜೂರಾತಿ ಕೊಟ್ಟು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟಿಸುತ್ತದೆ. ಇವತ್ತು ಒಂದು ರಾಜ್ಯ, ನಾಳೆ ಇನ್ನೊಂದು. ಸಾಮಾನ್ಯ ಜನ ಇದರ ಕಡೆ ತಿರುಗಿಯೂ ನೋಡುವುದಿಲ್ಲ.

ತಿರುಗಿ ನೋಡಬೇಕಾದದ್ದು ಯಾಕೆ ಎಂದು ತಿಳಿಯಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಒಂದು ಡಾಲರಿನ ಜಾಗ

ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಪಟ್ಟಣದಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆಯೊಂದಿತ್ತು. ಹೂಕರ್ ಕೆಮಿಕಲ್ ಎಂಬ ಕಂಪೆನಿ 1942ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ತನ್ನ ರಾಸಾಯನಿಕ ಕಸವನ್ನು ಅಲ್ಲಿ ತುಂಬಿತು. ಅದು ಸುಮಾರು 21,000 ಟನ್. ಮೇಲೆ ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದೇ ಒಂದು ಡಾಲರಿಗೆ ಕ್ರಯ ಮಾಡಿಕೊಟ್ಟಿತು. ಶಾಲೆ ಎದ್ದಿತು. ಸುತ್ತ ಮನೆಗಳೂ ಎದ್ದವು.

ಮುಂದೆ ಮಳೆಗಾಲ ಬಂದಾಗಲೆಲ್ಲ ಕಪ್ಪು ರಸ ಮನೆಗಳ ನೆಲಮಾಳಿಗೆಗೆ ಇಳಿಯತೊಡಗಿತು. ಹಿತ್ತಲಿನಲ್ಲಿ ತುಕ್ಕು ಹಿಡಿದ ಡ್ರಮ್ಮುಗಳು ತಲೆ ಎತ್ತಿದವು. ಮಕ್ಕಳ ಕಾಯಿಲೆ, ಗರ್ಭಪಾತ, ಅಂಗವಿಕಲ ಶಿಶುಗಳ ಬಗ್ಗೆ ಮನೆಮನೆಯಲ್ಲೂ ಮಾತು ಎದ್ದಿತು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಬಾಗಿಲಿಂದ ಬಾಗಿಲಿಗೆ ಹೋಗಿ ಸಹಿ ಸಂಗ್ರಹಿಸಿದರು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಜನ ಮನೆ ಬಿಟ್ಟರು, ಶಾಲೆಗೆ ಬೀಗ ಬಿತ್ತು.

ಮರುವರ್ಷವೇ ಕೆಂಟಕಿ ರಾಜ್ಯದ ಒಂದು ಕಣಿವೆಯಲ್ಲಿ ಅಧಿಕಾರಿಗಳು ಎಣಿಸಿದ್ದು 17,000 ಡ್ರಮ್ಮು. ಯಾರೋ ತಂದರು, ಯಾರೋ ಸುರಿದರು. ಕೇಳುವವರೇ ಇರಲಿಲ್ಲ.

ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ಇಂಥ ಕಸವನ್ನು ಹದ್ದುಬಸ್ತಿನಲ್ಲಿ ಇಡುವ ಕೇಂದ್ರ ಕಾನೂನಿಗೆ ಅಧ್ಯಕ್ಷ ಫೋರ್ಡ್ 1976ರ ಅಕ್ಟೋಬರ್‌ನಲ್ಲೇ ಸಹಿ ಹಾಕಿದ್ದರು. ಆದರೆ ಅದರ ಕೆಳಗಿನ ಮುಖ್ಯ ನಿಯಮಗಳು ಹೊರಬಿದ್ದದ್ದು 1980ರ ಮೇ ತಿಂಗಳಲ್ಲಿ. ನಡುವಿನ ಮೂರೂವರೆ ವರ್ಷ ಕಾನೂನು ಕಾಗದದ ಮೇಲೆ ಮಲಗಿತ್ತು.

ಕೆಳಗಿನ ಗೆರೆ

ಕಾನೂನಿನ ಹೂರಣ ಸರಳ. ವಿಷದ ಕಸ ಹುಟ್ಟಿದ ಜಾಗದಿಂದ ಅದು ಮಣ್ಣಾಗುವ ಇಲ್ಲವೆ ಸುಟ್ಟುಹೋಗುವ ಜಾಗದವರೆಗೆ ಒಂದು ಚೀಟಿ ಅದರ ಜತೆಯಲ್ಲೇ ಸಾಗಬೇಕು. ಯಾರ ಕಸ, ಎಷ್ಟು ಕಸ, ಯಾವ ಲಾರಿ, ಎಲ್ಲಿಗೆ ಹೊರಟಿತು, ತಲುಪಿತೋ ಇಲ್ಲವೋ ಎಲ್ಲವೂ ಅದರಲ್ಲಿರಬೇಕು. 2018ರ ಜೂನ್‌ ಕೊನೆಯಿಂದ ಈ ಚೀಟಿ ಕಂಪ್ಯೂಟರಿಗೂ ಹತ್ತಿದೆ. ತಿಂಗಳಿಗೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸದ ಸಣ್ಣ ಗ್ಯಾರೇಜಿಗೆ ಕಟ್ಟುಪಾಡು ಕಡಿಮೆ. ಸಾವಿರ ಕಿಲೋ ಮುಟ್ಟುವ ಕಾರ್ಖಾನೆ ಮಾತ್ರ 90 ದಿನಕ್ಕಿಂತ ಹೆಚ್ಚು ಕಾಲ ಡ್ರಮ್ಮನ್ನು ಅಂಗಳದಲ್ಲಿ ಇಟ್ಟುಕೊಳ್ಳಬೇಕಾದರೆ ಬೇರೆ ಪರವಾನಗಿ ಪಡೆಯಬೇಕು.

ಇಷ್ಟು ದೊಡ್ಡ ದೇಶವನ್ನು ವಾಷಿಂಗ್ಟನ್‌ನಲ್ಲಿ ಕೂತು ಕಾಯಲಾಗುತ್ತದೆಯೇ? ಆಗದು. ಅದಕ್ಕೇ ಕಾನೂನು ರಾಜ್ಯಗಳಿಗೆ ಒಂದು ದಾರಿ ತೋರಿಸಿತು. ಕೇಂದ್ರದ ನಿಯಮಕ್ಕೆ ಸಮನಾದ ನಿಯಮ ಮಾಡಿ, ಜಾರಿ ಮಾಡುವ ಶಕ್ತಿ ಇದೆ ಅಂತ ತೋರಿಸಿದರೆ, ಕೇಂದ್ರದ ಬದಲಿಗೆ ರಾಜ್ಯವೇ ಆಡಳಿತ ನಡೆಸಬಹುದು. ಒಂದೇ ಷರತ್ತು. ಕೇಂದ್ರ ಎಳೆದ ಗೆರೆಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಬೇಕಿದ್ದರೆ ಮೇಲೆ ಹೋಗಿ ಇನ್ನೂ ಬಿಗಿ ಮಾಡಬಹುದು. ಐವತ್ತು ರಾಜ್ಯಗಳಲ್ಲಿ 48 ಈ ಅಧಿಕಾರ ಪಡೆದಿವೆ. ಅಲಾಸ್ಕ ಮತ್ತು ಅಯೋವಾ ಎರಡರಲ್ಲಿ ಮಾತ್ರ ಕೇಂದ್ರದವರೇ ನೋಡಿಕೊಳ್ಳುತ್ತಾರೆ. ಮೂಲನಿವಾಸಿ ಬುಡಕಟ್ಟುಗಳ ಪ್ರದೇಶಗಳಲ್ಲೂ ಸಾಮಾನ್ಯವಾಗಿ ಕೇಂದ್ರದ್ದೇ ಅಧಿಕಾರ.

ಈ ಗೆರೆ ಒಳ್ಳೆಯದು. ಇದಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಯಾವ ವ್ಯಾಪಾರಿಯೂ ಹೇಳಬಲ್ಲ. ಒಂದು ರಾಜ್ಯ ನಿಯಮ ಸಡಿಲ ಮಾಡಿದರೆ ಕಾರ್ಖಾನೆಗಳು ಅತ್ತ ಹೊರಡುತ್ತವೆ. ಪಕ್ಕದ ರಾಜ್ಯ ಅದಕ್ಕಿಂತ ಸಡಿಲ ಮಾಡುತ್ತದೆ. ಕೊನೆಗೆ ಎಲ್ಲಿ ಹೇಳುವವರು ಕೇಳುವವರು ಇಲ್ಲವೋ ಆ ಊರಿನ ಬಾವಿಗೆ ವಿಷ ಇಳಿಯುತ್ತದೆ.

ಎರಡು ಗಡಿಯಾರ

ಕೇಂದ್ರ ತನ್ನ ನಿಯಮ ಬಿಗಿ ಮಾಡಿದಾಗಲೆಲ್ಲ ರಾಜ್ಯವೂ ತನ್ನದನ್ನು ತಿದ್ದಿ ಮತ್ತೆ ಮುದ್ರೆಗೆ ಕಳಿಸಬೇಕು. ಅದಕ್ಕೆ ಗಡುವಿದೆ. ಆದರೆ ಶಾಸನಸಭೆ, ಇಲಾಖೆ, ಕರಡು, ಅಹವಾಲು ಎಲ್ಲ ಮುಗಿಯುವ ಹೊತ್ತಿಗೆ ವರ್ಷಗಳೇ ಉರುಳುವುದುಂಟು. ಆ ನಡುವೆ ಯಾವ ನಿಯಮ ನಡೆಯಬೇಕು?

ಇದಕ್ಕೆ ಅಲ್ಲಿನ ಸಂಸತ್ತು 1984ರ ನವೆಂಬರ್ 8ರಂದು ಅರ್ಧ ಪರಿಹಾರ ಕೊಟ್ಟಿತು. ಆ ದಿನದ ತಿದ್ದುಪಡಿಯ ಬಲದಿಂದ ಬರುವ ಬಿಗಿ ನಿಯಮಗಳು ಎಲ್ಲ ರಾಜ್ಯಗಳಲ್ಲೂ ಒಂದೇ ದಿನ ಜಾರಿಗೆ ಬರುತ್ತವೆ. ರಾಜ್ಯಕ್ಕೆ ಮುದ್ರೆ ಬೀಳುವ ತನಕ ಕೇಂದ್ರವೇ ನೋಡಿಕೊಳ್ಳುತ್ತದೆ. ಉಳಿದವು ರಾಜ್ಯ ಒಪ್ಪಿಕೊಳ್ಳುವ ತನಕ ಕಾಯುತ್ತವೆ. ಅಂದಹಾಗೆ ಆ ತಿದ್ದುಪಡಿ ಬಂದು ಒಂದು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 2ರ ರಾತ್ರಿ, ಅಮೆರಿಕಾದ ಕಂಪೆನಿಯೊಂದರ ಒಡೆತನದ ಕಾರ್ಖಾನೆಯಿಂದ ಭೋಪಾಲದಲ್ಲಿ ಅನಿಲ ಸೋರಿತು.

ಔಷಧದ ಅಂಗಡಿಗಳ ಉದಾಹರಣೆ ನೋಡಿ. ಅವಧಿ ಮುಗಿದ ಕೆಲವು ಔಷಧಿಗಳು ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯವೇ. ಅವುಗಳನ್ನು ಆಸ್ಪತ್ರೆಯವರು, ಔಷಧದ ಅಂಗಡಿಯವರು ಚರಂಡಿಗೆ ಸುರಿಯಬಾರದು ಎಂಬ ನಿಷೇಧ 2019ರ ಆಗಸ್ಟ್ 21ರಂದು ದೇಶಕ್ಕೆಲ್ಲ ಒಮ್ಮೆಗೇ ಬಂತು. ಆದರೆ ಅದೇ ಹೊಸ ನಿಯಮಾವಳಿಯಲ್ಲಿದ್ದ ದಾಸ್ತಾನು, ಲೆಕ್ಕಪತ್ರ, ವಾಪಸು ಕಳಿಸುವ ರೀತಿ ಇವೆಲ್ಲ ಅಧಿಕಾರ ಪಡೆದ ರಾಜ್ಯಗಳಲ್ಲಿ ಆಯಾ ರಾಜ್ಯ ಒಪ್ಪಿಕೊಳ್ಳುವ ತನಕ ಕಾದವು. ಒಂದೇ ಪುಸ್ತಕ, ಒಂದು ಹಾಳೆ ಇವತ್ತು ಜಾರಿ, ಮುಂದಿನ ಹಾಳೆ ಯಾವತ್ತೋ! ಗಲ್ಲೆಯ ಮೇಲೆ ಕೂತವನಿಗೆ ತಲೆ ಕೆಡದೆ ಇರುತ್ತದೆಯೇ?

ಮೂವತ್ತು ದಿನದ ಮಾತು

ಮುದ್ರೆ ಒತ್ತುವ ರೀತಿಯಲ್ಲೂ ಒಂದು ತಮಾಷೆ ಇದೆ. ಬಹಳ ಸಲ ಸಂಸ್ಥೆ ಮಂಜೂರಾತಿಯನ್ನು ನೇರವಾಗಿ ಅಂತಿಮ ಎಂದೇ ಗೆಜೆಟ್ಟಿನಲ್ಲಿ ಹಾಕುತ್ತದೆ. ಇದು ಮಾಮೂಲಿ ಬದಲಾವಣೆ, ವಿರೋಧ ಬರುವ ನಿರೀಕ್ಷೆ ಇಲ್ಲ ಎಂಬ ಒಕ್ಕಣೆ ಅದರಲ್ಲೇ ಇರುತ್ತದೆ. 30 ದಿನದೊಳಗೆ ಯಾರಾದರೂ ತಕರಾರು ಎತ್ತಿದರೆ ಹಿಂದಕ್ಕೆ ತಗೊಳ್ಳುತ್ತಾರೆ. ಯಾರೂ ಸೊಲ್ಲೆತ್ತದಿದ್ದರೆ ಸಾಮಾನ್ಯವಾಗಿ 60ನೇ ದಿನಕ್ಕೆ ಜಾರಿ. ಈ ನಿಯಮಗಳು ರಾಜ್ಯದ ಕಾನೂನಿನಲ್ಲಿ ಈಗಾಗಲೇ ಇರುವುದರಿಂದ ಯಾರ ಮೇಲೂ ಹೊಸ ಹೊರೆ ಬೀಳುವುದಿಲ್ಲ ಎಂಬ ಸಮಾಧಾನವೂ ಜತೆಗಿರುತ್ತದೆ.

ಹೊರೆ ಬೀಳುವುದಿಲ್ಲ, ನಿಜ. ಬೀಳುವುದು ಬೇರೆ. ಮುದ್ರೆ ಬಿದ್ದ ಕ್ಷಣದಿಂದ ಆ ನಿಯಮ ಕೇಂದ್ರ ಕಾನೂನಿನ ಬಲ ಪಡೆಯುತ್ತದೆ. ಮುರಿದವನ ಮೇಲೆ ಕೇಂದ್ರವೂ ಕೇಸು ಹಾಕಬಹುದು. ಕಾನೂನಿನ ಕೈಗೆ ಎರಡನೇ ಕೋಲು ಸಿಗುತ್ತದೆ. ಇಷ್ಟು ತೂಕದ ಸಂಗತಿಯನ್ನು ಕಲಮು-ಉಪಕಲಮುಗಳ ಪಟ್ಟಿಯಲ್ಲಿ ಹುದುಗಿಸಿಟ್ಟು, ಯಾರೂ ತಕರಾರು ಎತ್ತಲಿಲ್ಲ ಎಂದರೆ ಏನರ್ಥ? ಡ್ರಮ್ಮಿನ ಪಕ್ಕದ ಬೀದಿಯಲ್ಲಿ ದಿನಸಿ ಮಾರುವವನು ಗೆಜೆಟ್ಟು ಓದುತ್ತಾನೆಯೇ?

ಹಿಂಬಾಗಿಲ ಕೇಸು

ಎರಡನೇ ಕೋಲು ಯಾವಾಗ ಬೀಸಬೇಕು ಎಂಬ ಜಗಳ ಕೋರ್ಟಿಗೂ ಹೋಗಿದೆ. ಮಿಸ್ಸೋರಿ ರಾಜ್ಯದ ಗ್ರ್ಯಾಂಡ್‌ವ್ಯೂ ಊರಿನಲ್ಲಿ ಹಾರ್ಮನ್ ಇಂಡಸ್ಟ್ರೀಸ್ ಎಂಬ ಕಾರ್ಖಾನೆ ರೈಲ್ವೆ ಸಲಕರಣೆಗೆ ಬೇಕಾದ ಸರ್ಕ್ಯೂಟ್ ಬೋರ್ಡು ಜೋಡಿಸುತ್ತಿತ್ತು. ತೊಳೆಯಲು ಬಳಸಿದ ದ್ರಾವಕದ ಉಳಿಕೆಯನ್ನು ಕೆಲಸಗಾರರು ಹಿಂಬಾಗಿಲಿನಿಂದ ನೆಲಕ್ಕೆ ಎಸೆಯುತ್ತಿದ್ದರು. 1973ರಿಂದ 1987ರ ತನಕ ಇದೇ ನಡೆಯಿತು. ಗೊತ್ತಾದ ಮೇಲೆ ಆಡಳಿತದವರು ತಾವಾಗಿಯೇ ರಾಜ್ಯಕ್ಕೆ ತಿಳಿಸಿದರು. 1993ರಲ್ಲಿ ರಾಜ್ಯ ದಂಡವಿಲ್ಲದೆ ರಾಜಿ ಮಾಡಿಕೊಂಡಿತು. ಕೇಂದ್ರದವರು ಒಪ್ಪದೆ ಲಕ್ಷಾಂತರ ಡಾಲರ್ ದಂಡಕ್ಕೆ ಬೆನ್ನು ಹತ್ತಿದರು. 1999ರಲ್ಲಿ ಮೇಲ್ಮನವಿ ಕೋರ್ಟು, ಮುದ್ರೆ ಕೊಟ್ಟ ರಾಜ್ಯ ಇತ್ಯರ್ಥ ಮಾಡಿದ ಮೇಲೆ ನೀವು ಮತ್ತೆ ಕೈ ಹಾಕುವಂತಿಲ್ಲ ಎಂದಿತು.

2002ರಲ್ಲಿ ಕೊಲೊರಾಡೋದ ಡೆನ್ವರ್ ಊರಿನ ಕ್ರೋಮಿಯಂ ಲೇಪನದ ಕಾರ್ಖಾನೆಯೊಂದರ ಕೇಸಿನಲ್ಲಿ ಬೇರೊಂದು ವಿಭಾಗದ ಮೇಲ್ಮನವಿ ಕೋರ್ಟು ಇದಕ್ಕೆ ತದ್ವಿರುದ್ಧ ತೀರ್ಪು ಕೊಟ್ಟಿತು. ರಾಜ್ಯ ಕ್ರಮ ಕೈಗೊಂಡಿದ್ದರೂ ಕೇಂದ್ರ ಕೇಸು ಹಾಕಬಹುದು ಎಂದಿತು. ಅಂದರೆ ಅಪರಾಧ ಒಂದೇ ಆದರೂ ಒಂದು ಕಡೆ ರಾಜಿಯೇ ಕಡೆ, ಇನ್ನೊಂದು ಕಡೆ ಅಲ್ಲ.

ತಾನೇ ಬಂದು ಹೇಳಿಕೊಂಡವನಿಗೆ ಮತ್ತೆ ಮತ್ತೆ ಏಟು ಬೀಳಬಾರದು ಎಂಬ ವಾದದಲ್ಲಿ ನ್ಯಾಯವಿದೆ. ಒಂದು ಕೇಸಿಗೆ ಇಬ್ಬರು ಇನ್ಸ್‌ಪೆಕ್ಟರು ಬಂದರೆ ಯಾವ ಅಂಗಡಿಯವನು ತಾನೇ ಸಹಿಸುತ್ತಾನೆ? ಆದರೆ ರಾಜ್ಯವೇ ಉದ್ಯಮಿಗಳ ಮುಲಾಜಿಗೆ ಬಿದ್ದರೆ? ಕಾವಲುಗಾರನೇ ತೂಕಡಿಸಿದರೆ ಮೇಲೊಬ್ಬ ಎಬ್ಬಿಸುವವನು ಬೇಡವೇ? ಕೊಟ್ಟ ಅಧಿಕಾರವನ್ನು ವಾಪಸು ಕಿತ್ತುಕೊಳ್ಳುವ ಹಕ್ಕು ಕೇಂದ್ರಕ್ಕೆ ಕಾನೂನಿನಲ್ಲಿದೆ. ಆದರೆ ಅದು ಇಡೀ ರಾಜ್ಯಕ್ಕೆ ಬೀಗ ಹಾಕಿದಂಥ ದೊಡ್ಡ ಕ್ರಮ. ಒಂದು ಹಿಂಬಾಗಿಲಿಗೋಸ್ಕರ ಯಾರೂ ಅಷ್ಟು ದೂರ ಹೋಗುವುದಿಲ್ಲ. ಅದಕ್ಕಾಗಿಯೇ ಸಣ್ಣ ಕೋಲು ಕೇಂದ್ರದ ಕೈಯಲ್ಲಿ ಉಳಿಯಬೇಕು.

ಮಂಜೂರಾತಿಗೆ ಬಂದ ಕಾಗದವನ್ನು ಕಲಮಿಗೆ ಕಲಮು ತಾಳೆ ನೋಡುವುದು ಸಾಲದು. ಕಳೆದ ಸಲ ಮುದ್ರೆ ಬಿದ್ದ ಮೇಲೆ ಎಷ್ಟು ಕಾರ್ಖಾನೆಗೆ ಕಾಲಿಟ್ಟಿರಿ, ತಪಾಸಣೆಗೆ ಎಷ್ಟು ಜನ ಇದ್ದಾರೆ, ಸಿಕ್ಕಿಬಿದ್ದವರಿಗೆ ಏನು ಮಾಡಿದಿರಿ ಎಂದು ಪ್ರತಿ ಸಲವೂ ಕೇಳಬೇಕು. ಉತ್ತರವನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಆಯಾ ಊರಿನ ಪತ್ರಿಕೆಯಲ್ಲಿ ಹಾಕಬೇಕು. ಆಗ ಮುದ್ರೆಗೆ ಬೆಲೆ.

ನಮ್ಮ ಗೇಟಿನ ಬೋರ್ಡು

ಅಮೆರಿಕಾದ ಕಸ ನಮಗ್ಯಾಕೆ ಅನ್ನುವವರು ಕೊಡೈಕೆನಾಲ್ ನೆನಪು ಮಾಡಿಕೊಳ್ಳಲಿ. ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಗಂಟುಮೂಟೆ ಕಟ್ಟಿಕೊಂಡು ತಮಿಳುನಾಡಿನ ಆ ಗುಡ್ಡಕ್ಕೆ ಬಂತು. 2001ರಲ್ಲಿ ಪಾದರಸ ಬೆರೆತ ಗಾಜಿನ ರಾಶಿ ಊರಿನ ಗುಜರಿಯಲ್ಲಿ ಪತ್ತೆಯಾಯಿತು. ಪತ್ತೆ ಮಾಡಿದವರು ಊರಿನ ಜನ ಮತ್ತು ಪರಿಸರ ಸಂಘಟನೆಯವರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸದ ತ್ಯಾಜ್ಯ ಹಡಗು ಹತ್ತಿ ಅಮೆರಿಕಾದ ಪೆನ್ಸಿಲ್ವೇನಿಯಾಕ್ಕೆ ಹೋಯಿತು. ಪೆನ್ಸಿಲ್ವೇನಿಯಾ ಕೇಂದ್ರದ ಮುದ್ರೆ ಪಡೆದ 48 ರಾಜ್ಯಗಳಲ್ಲಿ ಒಂದು.

ನಮ್ಮಲ್ಲಿ ಪದ್ಧತಿ ಬೇರೆ. ಭೋಪಾಲದ ನಂತರ 1986ರಲ್ಲಿ ಪರಿಸರ ಕಾನೂನು ಬಂತು, 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮ ಬಂತು, 2016ರಲ್ಲಿ ಅದು ಹೊಸದಾಯಿತು. ನಿಯಮ ಬರೆಯುವುದು ದೆಹಲಿ, ಕಾರ್ಖಾನೆಗೆ ಅನುಮತಿ ಕೊಟ್ಟು ತಪಾಸಣೆ ಮಾಡಬೇಕಾದ್ದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ. ಪದ್ಧತಿ ಯಾವುದಾದರೇನು, ಕಾಗದದ ಮೇಲಿನ ಮುದ್ರೆಗೂ ಅಂಗಳದ ಡ್ರಮ್ಮಿಗೂ ನಡುವಿನ ದೂರ ಎರಡೂ ದೇಶದಲ್ಲಿ ಇದೆ. ಭೋಪಾಲದ ಕಾರ್ಖಾನೆಯ 337 ಟನ್ ಕಸ ಅಲ್ಲಿಂದ ಹೊರಟದ್ದೇ 2025ರ ಜನವರಿಯಲ್ಲಿ, ನಲವತ್ತು ವರ್ಷ ಕಳೆದ ಮೇಲೆ!

2003ರಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಮಾಡಿತು. ಅಪಾಯಕಾರಿ ರಾಸಾಯನಿಕ ಬಳಸುವ ಕಾರ್ಖಾನೆಗಳು ತಮ್ಮಲ್ಲಿ ಏನಿದೆ, ಎಷ್ಟಿದೆ, ಎಷ್ಟು ಕಸ ಹುಟ್ಟುತ್ತದೆ ಎಂಬುದನ್ನು ಮುಖ್ಯ ಗೇಟಿನ ಹೊರಗೆ ಬೋರ್ಡಿನಲ್ಲಿ ಬರೆಯಬೇಕು ಎಂದಿತು. ಗೆಜೆಟ್ಟು ಓದದವರೂ ಓದಬಹುದಾದ ಬೋರ್ಡು ಅದು.

ಕೈಗಾರಿಕಾ ಪ್ರದೇಶದ ಸ್ಟಾಪಿನಲ್ಲಿ ದಿನಾ ಬಸ್ಸಿಗೆ ಕಾಯುವವರು ಒಮ್ಮೆ ಎದುರಿನ ಗೇಟು ನೋಡಲಿ. ಬೋರ್ಡು ಇದೆಯೇ? ಇದ್ದರೆ ಅಂಕಿ ಈ ತಿಂಗಳದ್ದೋ, ಬಣ್ಣ ಮಾಸಿದ ಹಳೆಯದ್ದೋ? ಇಲ್ಲವಾದರೆ ಮಂಡಳಿಯ ಕಚೇರಿಗೆ ಒಂದು ಅರ್ಜಿ ಬರೆಯಲಿ. ಗಿರಾಕಿ ತಕ್ಕಡಿ ನೋಡುತ್ತಾನೆ ಎಂದು ಗೊತ್ತಿದ್ದರೇ ಅಂಗಡಿಯ ತೂಕ ಸರಿ ಇರುವುದು.